ಯಂತ್ರ ಉಸಿರಾಡುವಾಗ ವಪೆಗೆ ಏನಾಗುತ್ತದೆ?

ಐಸಿಯುದಲ್ಲಿ ವಾರಗಟ್ಟಲೆ ಇದ್ದು ಮನೆಗೆ ಮರಳಿದವರ ಫೈಲು ದಪ್ಪಗಿರುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಿಜೋರಿಯೊಳಗೆ ಜೋಪಾನ ಮಾಡುತ್ತಾರೆ. ಎದೆಯ ಎಕ್ಸ್‌ರೇಗಳು, ರಕ್ತಪರೀಕ್ಷೆಯ ಚೀಟಿಗಳು, ಇಸಿಜಿ, ಎಕೋ, ಕೆಲವೊಮ್ಮೆ ಸಿಟಿ ಸ್ಕ್ಯಾನು. ಶ್ವಾಸಕೋಶ, ಹೃದಯ, ಮೂತ್ರಪಿಂಡ, ಮಿದುಳು ಎಲ್ಲಕ್ಕೂ ಒಂದಲ್ಲ ಒಂದು ದಾಖಲೆ ಇರುತ್ತದೆ. ಉಸಿರನ್ನು ಎಳೆಯುವ ಸ್ನಾಯುವಿನ ಬಗ್ಗೆ ಮಾತ್ರ ಸಾಮಾನ್ಯವಾಗಿ ಒಂದು ಹಾಳೆಯೂ ಇರುವುದಿಲ್ಲ. ರೋಗಿಯನ್ನು ಯಂತ್ರದಿಂದ ಬಿಡಿಸಲು ಅಷ್ಟು ದಿನ ಏಕೆ ಹಿಡಿಯಿತು ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಆ ಇಲ್ಲದ ಹಾಳೆಯಲ್ಲಿರುತ್ತದೆ.

ಆ ಸ್ನಾಯುವೇ ವಪೆ. ಎದೆ ಮತ್ತು ಹೊಟ್ಟೆಯ ನಡುವೆ ಕಮಾನಿನಂತೆ ಹರಡಿಕೊಂಡ ತೆಳುವಾದ ಮಾಂಸದ ಪದರ ಅದು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ವಪೆ ಬಿಗಿದು ಕೆಳಗಿಳಿದಾಗ ಎದೆಗೂಡು ಅಗಲವಾಗಿ ಗಾಳಿ ಒಳಗೆ ಬರುತ್ತದೆ, ಸಡಿಲವಾದಾಗ ಹೊರಗೆ ಹೋಗುತ್ತದೆ. ದಿನಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಸಲ, ನಿದ್ದೆಯಲ್ಲೂ ಎಚ್ಚರದಲ್ಲೂ, ಹುಟ್ಟಿದ ಗಳಿಗೆಯಿಂದ ಈ ಕೆಲಸ ನಡೆದೇ ಇರುತ್ತದೆ. ಕೈಕಾಲಿನ ಸ್ನಾಯುಗಳಿಗೆ ರಾತ್ರಿಯ ವಿಶ್ರಾಂತಿಯಾದರೂ ಉಂಟು, ವಪೆಗೆ ಅದೂ ಇಲ್ಲ.

ವೆಂಟಿಲೇಟರ್ ಅದಕ್ಕೆ ಮೊದಲ ಬಾರಿಗೆ ರಜೆ ಕೊಡುತ್ತದೆ. ಗಂಟಲಿಗೆ ಟ್ಯೂಬು ಹಾಕಿ, ನಿದ್ದೆಯ ಔಷಧ ಕೊಟ್ಟು, ಯಂತ್ರವೇ ಗಾಳಿಯನ್ನು ಒಳಗೆ ತಳ್ಳತೊಡಗಿದರೆ ವಪೆಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಈ ರಜೆಯ ಬೆಲೆ ಎಷ್ಟೆಂಬುದು 2008ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ಸ್ಯಾನ್‌ಫೋರ್ಡ್ ಲೆವೀನ್ ಮತ್ತು ಸಂಗಡಿಗರು, ಮಿದುಳು ನಿಷ್ಕ್ರಿಯಗೊಂಡು ಅಂಗದಾನಕ್ಕೆ ಸಿದ್ಧವಾಗಿದ್ದ 14 ಜನರ ವಪೆಯ ತುಣುಕುಗಳನ್ನು ಪರೀಕ್ಷಿಸಿದರು. ಇವರೆಲ್ಲ 18ರಿಂದ 69 ಗಂಟೆಗಳ ಕಾಲ ಪೂರ್ತಿಯಾಗಿ ಯಂತ್ರದ ಉಸಿರಿನಲ್ಲಿದ್ದವರು. ಶಸ್ತ್ರಚಿಕಿತ್ಸೆಗಾಗಿ ಎರಡು ಮೂರು ಗಂಟೆಯಷ್ಟೇ ಯಂತ್ರದ ಮೇಲಿದ್ದ 8 ಜನರ ವಪೆಯೊಂದಿಗೆ ಹೋಲಿಸಿದಾಗ, ಮೊದಲ ಗುಂಪಿನ ಸ್ನಾಯು ತಂತುಗಳ ಅಡ್ಡಗಾತ್ರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ನಿಧಾನಗತಿಯ ತಂತುಗಳಲ್ಲಿ ಶೇ. 57, ವೇಗದ ತಂತುಗಳಲ್ಲಿ ಶೇ. 53 ಕುಗ್ಗಿದ್ದವು. ಅದೇ ದೇಹಗಳ ಎದೆಯ ಮೇಲಿನ ಸ್ನಾಯುವಿಗೆ ಅಂಥದ್ದೇನೂ ಆಗಿರಲಿಲ್ಲ. ತಾಲೀಮು ಬಿಟ್ಟ ಪೈಲವಾನನ ತೋಳು ಇಳಿಯಲು ತಿಂಗಳುಗಳೇ ಬೇಕು. ವಪೆಗೆ ಮೂರು ದಿನವೂ ಬೇಕಾಗಲಿಲ್ಲ.

ಇಲ್ಲಿ ಒಂದು ಚರಿತ್ರೆ ನೆನೆಯಬೇಕು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಆವರಿಸಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯು ಸೋತ ಮೊದಲ 31 ರೋಗಿಗಳ ಪೈಕಿ 27 ಜನ ತೀರಿಕೊಂಡರು. ಆಗಸ್ಟ್ ಕೊನೆಯಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ರಬ್ಬರ್ ಚೀಲವನ್ನು ಕೈಯಿಂದ ಅಮುಕಿ ಗಾಳಿ ತುಂಬಿ ಆಕೆಯನ್ನು ಉಳಿಸಿದರು. ಮುಂದೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿ ಚೀಲ ಅಮುಕಿದರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿ. ಅಂದರೆ ಸೋತ ಸ್ನಾಯುವಿಗೆ ಆಸರೆಯಾಗಲೆಂದೇ ಈ ಚಿಕಿತ್ಸೆ ಬಂದದ್ದು. ನಂತರದ ದಶಕಗಳಲ್ಲಿ ಗಮನವೆಲ್ಲ ಶ್ವಾಸಕೋಶದ ಕಡೆಗೆ, ಆಮ್ಲಜನಕದ ಅಂಕಿಗಳ ಕಡೆಗೆ ಹರಿಯಿತು. ಸ್ನಾಯು ಹಿಂದೆ ಸರಿಯಿತು. ಬಡ ಜಿಲ್ಲೆಗಳ ಐಸಿಯುಗಳಿಗೆ ವೆಂಟಿಲೇಟರುಗಳು ಬಂದಾಗಲೂ ಅದೇ ಅಭ್ಯಾಸ ಜೊತೆಗೆ ಬಂತು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ಯಂತ್ರದ ಮೇಲೆ ಹೋಗುವವರು ಯಾರು ಎಂದು ನೋಡಿದರೆ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಘಟಪ್ರಭೆ, ಹಿರಣ್ಯಕೇಶಿ ನದಿಗಳ ನೀರುಂಡ ಕಬ್ಬು ಮತ್ತು ಗೋವಿನಜೋಳದ ನೆಲ ಇದು. ನ್ಯುಮೋನಿಯಾ, ಸೆಪ್ಸಿಸ್, ಸಂಕೇಶ್ವರದ ಪಕ್ಕದಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಅಪಘಾತಗಳು ಎಲ್ಲ ಕಡೆ ಇರುವಂಥವೇ. ಆದರೆ ಕೃಷಿ ಸೀಮೆಯಲ್ಲಿ ಇನ್ನೆರಡು ಕಾರಣಗಳು ಸೇರುತ್ತವೆ: ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧ ದೇಹಕ್ಕೆ ಸೇರಿದವರು, ಮತ್ತು ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಡಿದವರು. ಎರಡರಲ್ಲೂ ಪೆಟ್ಟು ಬೀಳುವುದು ನರ ಮತ್ತು ಸ್ನಾಯು ಕೂಡುವ ಜಾಗಕ್ಕೆ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯಡ್ಡೆ 1987ರಲ್ಲಿ 10 ರೋಗಿಗಳನ್ನು ಆಧರಿಸಿ ವರದಿ ಮಾಡಿದ ಸ್ಥಿತಿಯೊಂದಿದೆ. ಕೀಟನಾಶಕದ ಮೊದಲ ಹೊಡೆತದಿಂದ ರೋಗಿ ಚೇತರಿಸಿಕೊಂಡ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, 24ರಿಂದ 96 ಗಂಟೆಯೊಳಗೆ, ಕತ್ತು ಎತ್ತಲಾಗದೆ, ಉಸಿರು ಎಳೆಯಲಾಗದೆ ಕುಸಿಯುತ್ತಾನೆ. ಆ ನಿಶ್ಶಕ್ತಿ 18 ದಿನದವರೆಗೂ ಉಳಿದದ್ದುಂಟು. ಇಂಥವನ ಶ್ವಾಸಕೋಶ ಎಕ್ಸ್‌ರೇಯಲ್ಲಿ ಸ್ವಚ್ಛವಾಗಿಯೇ ಕಾಣಬಹುದು. ಸೋತಿರುವುದು ವಪೆ. ವಿಷದಿಂದ ಒಮ್ಮೆ ಸೋತ ಅದೇ ವಪೆ, ಯಂತ್ರದ ಮೇಲೆ ಸುಮ್ಮನಿರುವುದರಿಂದ ಎರಡನೆಯ ಸಲ ಸೊರಗುತ್ತದೆ.

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಎಷ್ಟು ಜನರಿಗೆ ಕಡಿಯಿತು, ಎಷ್ಟು ಜನ ಸತ್ತರು ಎಂಬ ಲೆಕ್ಕ ಇನ್ನು ಸಿಗುತ್ತದೆ. ಬದುಕಿದವರು ಯಂತ್ರದ ಮೇಲೆ ಎಷ್ಟು ದಿನ ಇದ್ದರು, ಏಕೆ ಇದ್ದರು ಎಂಬ ಲೆಕ್ಕವೂ ಅದರ ಪಕ್ಕದಲ್ಲೇ ಬರಬೇಕು.

ದಾರಿಯೂ ಚಿಕ್ಕದಲ್ಲ. ಹುಕ್ಕೇರಿಯಿಂದ ಬೆಳಗಾವಿ ಸುಮಾರು 50 ಕಿಲೋಮೀಟರ್, ಗೋಕಾಕದಿಂದ 70ರ ಹತ್ತಿರ, ಮೂಡಲಗಿಯಿಂದ ಇನ್ನೂ ಹೆಚ್ಚು. ಕೆಲವರು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಕೆಎಲ್ಇ ಆಸ್ಪತ್ರೆಗೋ ಹೋಗುತ್ತಾರೆ, ಕೆಲವರು ಹಳೆಯ ರೂಢಿಯಂತೆ ಮೀರಜಿಗೋ ಕೊಲ್ಹಾಪುರಕ್ಕೋ ಹೋಗುತ್ತಾರೆ. ಆಂಬುಲೆನ್ಸಿನಲ್ಲಿ ಕೈಯಿಂದ ಗಾಳಿ ತುಂಬುವ ಅಂಬು ಬ್ಯಾಗ್ ಅಮುಕುತ್ತಾ ಸಾಗುವ ಪಯಣ ಮುಗಿದ ಮೇಲೆ ಐಸಿಯುದ ಬಾಗಿಲ ಹೊರಗೆ ಕಾಯುವ ಮನೆಯವರದು ಒಂದೇ ಪ್ರಶ್ನೆ: "ಮಷೀನ್ ಯಾವಾಗ ತಗೀತೀರ್ರಿ ಸರ?" ಬರುವ ಉತ್ತರವೂ ಹೆಚ್ಚಾಗಿ ಒಂದೇ: ಇನ್ನೂ ಸ್ವಲ್ಪ ದಿನ ನೋಡೋಣ. ಆ 'ನೋಡೋಣ' ಎಂಬ ಮಾತಿಗೆ ನಿಜವಾಗಿ ನೋಡುವ ಉಪಾಯವೊಂದು ಇದೆ. ಅದು ದುಬಾರಿಯದಲ್ಲ, ರೋಗಿಯನ್ನು ಹಾಸಿಗೆಯಿಂದ ಕದಲಿಸುವಂಥದ್ದೂ ಅಲ್ಲ.

ಅಲ್ಟ್ರಾಸೌಂಡ್ ಯಂತ್ರದ ಚಪ್ಪಟೆ ಮುಖದ ಪ್ರೋಬನ್ನು ಬಲಪಕ್ಕೆಯ ಮೇಲೆ, ಎಂಟನೆಯ ಮತ್ತು ಹತ್ತನೆಯ ಪಕ್ಕೆಲುಬಿನ ನಡುವೆ ಎಲ್ಲಾದರೂ ಒಂದು ಸಂದಿನಲ್ಲಿ ಇಟ್ಟರೆ, ಚರ್ಮದಿಂದ ಕೆಲವೇ ಸೆಂಟಿಮೀಟರ್ ಒಳಗೆ ಎರಡು ಬೆಳ್ಳನೆಯ ಗೆರೆಗಳು ಕಾಣುತ್ತವೆ. ಅವುಗಳ ನಡುವಿನ ಕಪ್ಪು ಪಟ್ಟಿಯೇ ವಪೆ. ದಪ್ಪ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್. ಉಸಿರು ಎಳೆದಾಗ ಆ ಪಟ್ಟಿ ದಪ್ಪವಾಗಬೇಕು, ಬಿಟ್ಟಾಗ ತೆಳುವಾಗಬೇಕು. ಎಷ್ಟು ಪಾಲು ದಪ್ಪವಾಗುತ್ತದೆ ಎಂಬುದರಲ್ಲಿ ಸ್ನಾಯು ಎಷ್ಟು ದುಡಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಪೂರ್ತಿ ಬಲದಿಂದ ಉಸಿರೆಳೆದಾಗಲೂ ಅದು ಶೇ. 20ಕ್ಕಿಂತ ಕಡಿಮೆ ಇದ್ದರೆ ವಪೆ ಸೋತಿದೆ ಎಂಬ ಅನುಮಾನಕ್ಕೆ ಎಡೆಯಿದೆ. ದಿನದಿಂದ ದಿನಕ್ಕೆ ದಪ್ಪವೇ ಇಳಿಯುತ್ತಿದ್ದರೆ ಸ್ನಾಯು ಸವೆಯುತ್ತಿದೆ ಎಂದರ್ಥ. ಹತ್ತು ನಿಮಿಷದ ಕೆಲಸ. ವಿಕಿರಣವಿಲ್ಲ, ಸೂಜಿಯಿಲ್ಲ.

ಟೊರಾಂಟೊದ ಈವಾನ್ ಗೊಲಿಗರ್ ಮತ್ತು ತಂಡ 2015ರಲ್ಲಿ 107 ರೋಗಿಗಳ ವಪೆಯನ್ನು ಹೀಗೆಯೇ ಪ್ರತಿದಿನ ಅಳೆದು ಪ್ರಕಟಿಸಿತು. ಮೊದಲ ವಾರದಲ್ಲೇ ಶೇ. 44 ಜನರ ವಪೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಳುವಾಯಿತು, ಅಷ್ಟೇ ಜನರಲ್ಲಿ ಬದಲಾಗಲಿಲ್ಲ, ಶೇ. 12 ಜನರಲ್ಲಿ ದಪ್ಪವಾಯಿತು. ಹೀಗೆ ದಿನದಿಂದ ದಿನಕ್ಕೆ ದಪ್ಪವಾಗುವುದೂ ಒಳ್ಳೆಯ ಲಕ್ಷಣವಲ್ಲ. ಯಂತ್ರದ ನೆರವು ತೀರಾ ಕಡಿಮೆಯಾಗಿ ಸ್ನಾಯು ಶಕ್ತಿ ಮೀರಿ ಹೆಣಗಿದಾಗ ಅದಕ್ಕೆ ಗಾಯವಾಗಿ ಊದಿಕೊಳ್ಳಬಹುದು. ಇದೇ ತಂಡ 2018ರಲ್ಲಿ ಇನ್ನೂ ದೊಡ್ಡ ಗುಂಪಿನಲ್ಲಿ ಕಂಡದ್ದು: ವಪೆ ತೆಳುವಾದವರು ಯಂತ್ರದ ಮೇಲೆ ಹೆಚ್ಚು ದಿನ ಉಳಿದರು, ಐಸಿಯುದಲ್ಲೂ ಹೆಚ್ಚು ದಿನ ಇದ್ದರು. ಮೊದಲ ಮೂರು ದಿನ ಉಸಿರೆಳೆದಾಗ ವಪೆ ಶೇ. 15ರಿಂದ 30ರಷ್ಟು ದಪ್ಪವಾಗುತ್ತಿದ್ದವರು, ಅಂದರೆ ಆರಾಮವಾಗಿ ಉಸಿರಾಡುವ ಆರೋಗ್ಯವಂತರಂತೆ ದುಡಿಯುತ್ತಿದ್ದವರು, ಎಲ್ಲರಿಗಿಂತ ಬೇಗ ಹೊರಬಂದರು. ತೀರಾ ವಿಶ್ರಾಂತಿಯೂ ಬೇಡ, ತೀರಾ ಹೆಣಗಾಟವೂ ಬೇಡ ಎಂಬ ಈ ನಡುವಿನ ಹಾದಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಲಾಗದು. ಯಂತ್ರದ ಪರದೆ ರೋಗಿ ಶಾಂತವಾಗಿದ್ದಾನೆ ಎಂದು ತೋರಿಸುತ್ತದೆ. ಆ ಶಾಂತಿ ಚೇತರಿಕೆಯೋ ಸ್ನಾಯುವಿನ ಸವೆತವೋ ಎಂಬುದನ್ನು ಪರದೆ ಹೇಳುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಎರಡೂವರೆ ಮಿಲಿಮೀಟರಿನಲ್ಲಿ ಹತ್ತರಲ್ಲಿ ಒಂದು ಪಾಲೆಂದರೆ ಕಾಲು ಮಿಲಿಮೀಟರ್. ಪ್ರೋಬು ಸ್ವಲ್ಪ ಓರೆಯಾದರೂ ಅಳತೆ ಅಷ್ಟು ತಪ್ಪುತ್ತದೆ. ಅದಕ್ಕೇ ಮೊದಲ ದಿನ ಪ್ರೋಬು ಇಟ್ಟ ಜಾಗವನ್ನು ಪೆನ್ನಿನಿಂದ ಚರ್ಮದ ಮೇಲೆ ಗುರುತು ಮಾಡಿ, ಮರುದಿನವೂ ಅಲ್ಲೇ ಇಡಬೇಕು. ಎಡಭಾಗದ ವಪೆ ಎಲ್ಲರಲ್ಲೂ ಸುಲಭಕ್ಕೆ ಕಾಣುವುದಿಲ್ಲ. ದಪ್ಪ ಕುಗ್ಗಿದ್ದು ವಿಷದಿಂದಲೋ, ಸೋಂಕಿನಿಂದಲೋ, ಯಂತ್ರದಿಂದಲೋ ಎಂದು ಚಿತ್ರವೊಂದೇ ಹೇಳಲಾರದು. ಇನ್ನೂ ಮುಖ್ಯವಾದ ಮಾತು: ಟ್ಯೂಬು ತೆಗೆದರೆ ರೋಗಿ ನಿಲ್ಲುತ್ತಾನೆಯೇ ಎಂದು ಈ ಅಳತೆಯಿಂದ ಭವಿಷ್ಯ ಹೇಳಬಹುದೆಂದು 2014ರ ಅಧ್ಯಯನವೊಂದು ಭರವಸೆ ಕೊಟ್ಟಿತ್ತು. ಅದರಲ್ಲಿದ್ದದ್ದು 63 ರೋಗಿಗಳು. 191 ರೋಗಿಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ನಂಟು ಕಾಣಲಿಲ್ಲ. ವಪೆ ದುರ್ಬಲವಿದ್ದವರಲ್ಲೂ ಹಲವರು ಟ್ಯೂಬಿಲ್ಲದೆ ನಿಂತರು, ಏಕೆಂದರೆ ಕೆಮ್ಮುವ ಶಕ್ತಿ, ಎಚ್ಚರ, ಹೃದಯದ ಬಲ ಇವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಈ ಚಿತ್ರವನ್ನು ತೀರ್ಪೆಂದು ಬಳಸುವವರು ತಪ್ಪು ಮಾಡುತ್ತಾರೆ. ಪಟ್ಟಿ ತೆಳುವಾಗಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಯಂತ್ರದ ಮೇಲೆ ಇನ್ನೊಂದು ದಿನ ಇಡಬಾರದು.

ಹಾಗಾದರೆ ಚಿತ್ರ ಏಕೆ ಬೇಕು? ಎಚ್ಚರಿಸಲು ಬೇಕು. ಸುಮ್ಮನಿರುವ ವಪೆಯನ್ನು ಕೆಲಸಕ್ಕೆ ಹಚ್ಚುವ ಮಾರ್ಗಗಳು ಹೊಸವೇನಲ್ಲ. ಸ್ಪೇನಿನ ಎಸ್ತೆಬಾನ್ ತಂಡ 1995ರಲ್ಲೇ ತೋರಿಸಿದಂತೆ, ದಿನಕ್ಕೊಮ್ಮೆ ಯಂತ್ರದ ನೆರವು ತೆಗೆದು ರೋಗಿ ತಾನೇ ಉಸಿರಾಡಬಲ್ಲನೇ ಎಂದು ಪರೀಕ್ಷಿಸಿದರೆ, ನೆರವನ್ನು ಮೆಲ್ಲಮೆಲ್ಲನೆ ಇಳಿಸುವುದಕ್ಕಿಂತ ಬೇಗ ಬಿಡುಗಡೆಯಾಗುತ್ತದೆ. 336 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರತಿದಿನ ಬೆಳಿಗ್ಗೆ ನಿದ್ದೆಯ ಔಷಧ ನಿಲ್ಲಿಸಿ ಎಬ್ಬಿಸಿ, ನಂತರ ಈ ಉಸಿರಿನ ಪರೀಕ್ಷೆ ಮಾಡಿದರು. ಹೀಗೆ ನೋಡಿಕೊಂಡ ಪ್ರತಿ ಏಳು ರೋಗಿಗಳಿಗೆ ಒಬ್ಬರಂತೆ ಹೆಚ್ಚು ಜೀವ ವರ್ಷದ ಕೊನೆಗೆ ಉಳಿದಿತ್ತು. ಇದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ, ಹಾಸಿಗೆಯ ಪಕ್ಕ ನಿಲ್ಲುವ ನರ್ಸು ಮತ್ತು ವೈದ್ಯರು. ಒಬ್ಬ ನರ್ಸು ನಾಲ್ಕೈದು ವೆಂಟಿಲೇಟರುಗಳನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ಎಬ್ಬಿಸಿದ ರೋಗಿ ಟ್ಯೂಬು ಕಿತ್ತುಕೊಂಡಾನು ಎಂಬ ಭಯಕ್ಕೆ ನಿದ್ದೆಯೇ ಮುಂದುವರಿಯುತ್ತದೆ. ಆ ಭಯ ಸುಳ್ಳಲ್ಲ. ಆದರೆ ನಿದ್ದೆ ಮುಂದುವರಿಸಿದ್ದರಿಂದ ಏನು ಕಳೆಯಿತು ಎಂಬುದು ಎಲ್ಲಿಯೂ ದಾಖಲಾಗದೆ ಹೋದರೆ, ನರ್ಸುಗಳ ಕೊರತೆಯ ಬೆಲೆಯೂ ಯಾರಿಗೂ ಕಾಣುವುದಿಲ್ಲ. ಮೂರು ದಿನದ ಮೂರು ಚಿತ್ರಗಳು, ಮೂರೂ ಒಂದಕ್ಕಿಂತ ಒಂದು ತೆಳು: ಇದು ಮೇಲಧಿಕಾರಿಯ ಮುಂದೆ ಇಡಬಹುದಾದ ಪುರಾವೆ.

ಕೋವಿಡ್ ಕಾಲದಲ್ಲಿ ಕಲಿಯಬೇಕಿದ್ದ ಪಾಠವೂ ಇದೇ. 2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳ ಯೋಜನೆ ಪ್ರಕಟವಾಯಿತು. ಮರುವರ್ಷ ಎರಡನೆಯ ಅಲೆ ಬಂದಾಗ, ನಡೆಸುವ ಸಿಬ್ಬಂದಿಯಿಲ್ಲದೆ ಹಲವು ಕಡೆ ಅವು ಮೂಲೆಯಲ್ಲಿವೆ ಎಂಬ ವರದಿಗಳು ದೇಶದ ತುಂಬ ಬಂದವು. ಯಂತ್ರ ಹಂಚುವುದು ಸುಲಭ, ಯಂತ್ರದಿಂದ ಬಿಡಿಸುವ ವಿದ್ಯೆಯನ್ನು ಹಂಚುವುದು ಕಷ್ಟ. ಐಸಿಯುದಲ್ಲಿ ಕೋವಿಡ್‌ನಿಂದ ತೀರಿಕೊಂಡ 26 ಜನರ ವಪೆಯನ್ನು ಡಚ್ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ, ಕೋವಿಡ್ ಇಲ್ಲದೆ ಐಸಿಯುದಲ್ಲಿ ಸತ್ತವರಿಗಿಂತ ಅವುಗಳಲ್ಲಿ ನಾರುಗಟ್ಟಿದ ಅಂಗಾಂಶ ಎರಡು ಪಟ್ಟಿಗೂ ಹೆಚ್ಚಿತ್ತು. ಬದುಕಿ ಮನೆಗೆ ಬಂದು ಇಂದಿಗೂ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರ ವಪೆಯನ್ನು ನೋಡಿದವರು ಎಷ್ಟು ಜನ?

ಈಗ ಅತ್ಯಂತ ಕಠಿಣವಾದ ತೊಡಕಿನ ಮಾತು. ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಹಾಸಿಗೆಯಿಂದ ಹಾಸಿಗೆಗೆ ಸ್ವತಂತ್ರವಾಗಿ ಒಯ್ಯಲಾಗದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಯಂತ್ರ, ಜಾಗ, ಬಳಸುವವರು ಎಲ್ಲವೂ ನೋಂದಣಿಯಾಗಬೇಕು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ, ಒಳರೋಗಿಗಳಿಗೆ ಮಾತ್ರ ಬಳಸಬಹುದು; ಸಂಚಾರಿ ಚಿಕಿತ್ಸಾ ಘಟಕಗಳಿಗಷ್ಟೇ ಬೇರೆ ಅವಕಾಶ. ಇದರಿಂದಾಗಿ ಎಷ್ಟೋ ಐಸಿಯು ವೈದ್ಯರು ಈ ಗೋಜೇ ಬೇಡ ಎಂದು ದೂರ ಉಳಿಯುತ್ತಾರೆ. ಕಾಯ್ದೆಯನ್ನೇ ಸಡಿಲಿಸಿ ಎಂಬ ಕೂಗು ವೈದ್ಯ ವಲಯದಲ್ಲಿ ಆಗಾಗ ಏಳುವುದು ಇದಕ್ಕೇ.

ಆ ಬೇಡಿಕೆಯನ್ನು ಈ ಭಾಗದವರು ಒಪ್ಪಲಾಗದು. 2022ರ ಜೂನ್‌ನಲ್ಲಿ ಮೂಡಲಗಿ ಪಟ್ಟಣದಲ್ಲಿ ಬಸ್ ನಿಲ್ದಾಣದ ಹತ್ತಿರದ ಹಳ್ಳದಲ್ಲಿ ಬಾಟಲಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. ಲಿಂಗಪತ್ತೆ ಮತ್ತು ಭ್ರೂಣಹತ್ಯೆಯ ಶಂಕೆಯನ್ನು ಆರೋಗ್ಯಾಧಿಕಾರಿಗಳೇ ಅಂದು ವ್ಯಕ್ತಪಡಿಸಿದರು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ನಡೆಸುತ್ತಿದ್ದ ಜಾಲ ಬಯಲಾಯಿತು. ಹೊತ್ತೊಯ್ಯಬಲ್ಲ ಯಂತ್ರ ಕಟ್ಟುನಿಟ್ಟಿಲ್ಲದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಾಯ್ದೆ ಇರಬೇಕು, ಬಿಗಿಯಾಗಿಯೇ ಇರಬೇಕು.

ಆದರೆ ಕಾಯ್ದೆಯೊಳಗೇ ಐಸಿಯುಗೆ ಹಾದಿ ಮಾಡಿಕೊಡಬಹುದು. ಗರ್ಭವನ್ನು ಸಾಮಾನ್ಯವಾಗಿ ನೋಡುವುದು ಹೊಟ್ಟೆಯ ಆಳಕ್ಕೆ ಇಳಿಯುವ ಬಾಗಿದ ಮುಖದ ಪ್ರೋಬಿನಿಂದ. ವಪೆಯ ದಪ್ಪ ಅಳೆಯಲು ಬೇಕಾದದ್ದು ಕೆಲವೇ ಸೆಂಟಿಮೀಟರ್ ಆಳವನ್ನಷ್ಟೇ ಸ್ಪಷ್ಟವಾಗಿ ತೋರಿಸುವ, ಹೆಚ್ಚಿನ ಕಂಪನಾಂಕದ ನೇರ ಮುಖದ ಪ್ರೋಬು. ನೇರ ಪ್ರೋಬು ಮಾತ್ರ ಜೋಡಿಸಬಹುದಾದ, ಐಸಿಯುದ ಗೋಡೆಗೆ ಬಿಗಿದ, ಪ್ರತಿ ಚಿತ್ರವೂ ಸಮಯ ಮತ್ತು ಹಾಸಿಗೆ ಸಂಖ್ಯೆಯೊಂದಿಗೆ ತಾನಾಗಿ ದಾಖಲಾಗುವ ಯಂತ್ರಕ್ಕೆ ಜಿಲ್ಲಾ ಪ್ರಾಧಿಕಾರ ನಿಗದಿತ ದಿನಗಳೊಳಗೆ ನೋಂದಣಿ ಕೊಡುವಂತಾಗಲಿ. ತಿಂಗಳಿಗೊಮ್ಮೆ ತಪಾಸಣೆಯಾಗಲಿ. ಹೆಣ್ಣು ಭ್ರೂಣದ ರಕ್ಷಣೆ ಮತ್ತು ಹಾವು ಕಡಿದವನ ಉಸಿರು ಒಂದಕ್ಕೊಂದು ಎದುರಾಳಿಗಳಲ್ಲ. ಎರಡನ್ನೂ ಎದುರುಬದುರು ನಿಲ್ಲಿಸಿರುವುದು ಅರ್ಜಿಯ ಫಾರಮ್ಮುಗಳ ವಿಳಂಬ ಮತ್ತು ಅಸ್ಪಷ್ಟತೆ ಮಾತ್ರ.

ನೋಡುವವರು ಯಾರು ಎಂಬ ಪ್ರಶ್ನೆಗೂ ಉತ್ತರವಿದೆ. ರೇಡಿಯಾಲಜಿಸ್ಟ್ ತಾಲೂಕಿಗೊಬ್ಬರು ಸಿಗುವುದೇ ಕಷ್ಟ. ಆದರೆ ಅರಿವಳಿಕೆ ವೈದ್ಯರಿಗೆ ನರ ಹುಡುಕಿ ಚುಚ್ಚುಮದ್ದು ಕೊಡುವುದಕ್ಕಾಗಿ ಇದೇ ನೇರ ಪ್ರೋಬಿನ ಬಳಕೆ ಈಗಾಗಲೇ ಪರಿಚಿತ. ಹಲವು ರೋಗಿಗಳ ಮೇಲೆ ಕೈ ಪಳಗಿದರೆ ವಪೆಯನ್ನು ಹಿಡಿಯುವುದು ಅವರಿಗೆ ಕಷ್ಟವಲ್ಲ. ತಾಲೂಕು ಆಸ್ಪತ್ರೆಗಳ ಐಸಿಯುಗಳನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಇಂಟರ್‌ನೆಟ್ ಮೂಲಕ ಜೋಡಿಸುವ ಟೆಲಿ ಐಸಿಯು ಪದ್ಧತಿ ಕೋವಿಡ್ ನಂತರ ಕರ್ನಾಟಕದಲ್ಲಿ ಬೆಳೆದಿದೆ. ಗೋಕಾಕದಲ್ಲಿ ತೆಗೆದ ಚಿತ್ರವನ್ನು ಬೆಳಗಾವಿಯ ವೈದ್ಯಕೀಯ ಕಾಲೇಜಿನಲ್ಲಿ ಕುಳಿತವರು ಅದೇ ಗಳಿಗೆಯಲ್ಲಿ ನೋಡಬಹುದು. ಮೂಡಲಗಿಯಂಥ ಹೊಸ ತಾಲೂಕಿಗೆ ಇಂಥ ಜೋಡಣೆ ಇನ್ನೂ ಹೆಚ್ಚು ಅಗತ್ಯ.

ಇದು ಕೈಲಾಗದ ಮಾತು ಎನ್ನುವವರಿಗೆ ಈ ನೆಲದ ಹಳೆಯ ಕೆಲಸಗಳೇ ಉತ್ತರ. ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮ ಘಟಪ್ರಭೆಯಲ್ಲಿದೆ. ದೊಡ್ಡ ಊರಿನ ಹಂಗಿಲ್ಲದೆ ಚಿಕಿತ್ಸೆ ಸಿಗಬೇಕೆಂಬ ಹಂಬಲ ಇಲ್ಲಿಗೆ ಹೊಸದಲ್ಲ. ಹುಕ್ಕೇರಿಯವರು 1969ರಿಂದಲೇ ತಮ್ಮ ವಿದ್ಯುತ್ತನ್ನು ತಮ್ಮದೇ ಗ್ರಾಮೀಣ ಸಹಕಾರಿ ಸಂಘದ ಮೂಲಕ ಹಂಚಿಕೊಂಡವರು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಹಣದಿಂದ ಕಾಲೇಜು, ಕಲ್ಯಾಣ ಮಂಟಪ ಕಟ್ಟಿದ ಸಹಕಾರಿ ರಂಗ ತನ್ನದೇ ಕಬ್ಬು ಕಡಿಯುವವರ ಉಸಿರಿಗಾಗಿ ಒಂದು ಪ್ರೋಬು ಮತ್ತು ಒಬ್ಬ ಫಿಸಿಯೋಥೆರಪಿಸ್ಟನ್ನು ಒದಗಿಸಲಾರದೇ?

ಫಿಸಿಯೋಥೆರಪಿಸ್ಟ್ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಯಂತ್ರದಿಂದ ಬಿಡುಗಡೆಯಾದ ಮೇಲೆ ವಪೆಗೆ ಬೇಕಾದದ್ದು ತಾಲೀಮು. ಒಳಗೆಳೆಯುವ ಗಾಳಿಗೆ ಅಳತೆಯ ತಡೆ ಒಡ್ಡುವ ಸಣ್ಣ ಉಪಕರಣದಿಂದ ದಿನವೂ ವ್ಯಾಯಾಮ ಮಾಡಿಸಿದರೆ ಉಸಿರಿನ ಸ್ನಾಯುವಿನ ಬಲ ಹೆಚ್ಚುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 70 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಧ್ಯಯನ ಚಿಕ್ಕದು, ಆದರೂ ದಾರಿ ಕಾಣಿಸುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಐಸಿಯುದ ಒಂದೊಂದು ದಿನವೂ ದುಬಾರಿ. ಯಂತ್ರದಿಂದ ಎರಡು ದಿನ ಮೊದಲೇ ಬಿಡುಗಡೆಯಾದರೆ ಉಳಿಯುವ ಹಣ ಸರ್ಕಾರದ್ದು, ಖರ್ಚಿಗೆಂದು ಮಾರದೆ ಉಳಿಯುವ ಎಮ್ಮೆ ಆ ಮನೆಯವರದು. ಈ ಯೋಜನೆಯ ಪಾವತಿಯಲ್ಲಿ ದಿನನಿತ್ಯದ ಉಸಿರಿನ ಪರೀಕ್ಷೆ, ವಪೆಯ ಅಳತೆ, ಬಿಡುಗಡೆಯ ನಂತರದ ವ್ಯಾಯಾಮ ಇವು ಪ್ರತ್ಯೇಕ ಸಾಲುಗಳಾಗಿ ಸೇರಬೇಕು. ಹಣ ಬರದ ಕೆಲಸವನ್ನು ಗಡಿಬಿಡಿಯ ಆಸ್ಪತ್ರೆ ಮಾಡುವುದಿಲ್ಲ, ಇದರಲ್ಲಿ ಯಾರನ್ನೂ ದೂರುವ ಅಗತ್ಯವೂ ಇಲ್ಲ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಓದುಗರು ಕೈಕಟ್ಟಿ ಕೂರಬೇಕಾಗಿಲ್ಲ. ನಿಮ್ಮವರು ಯಾರಾದರೂ ವೆಂಟಿಲೇಟರ್ ಮೇಲಿದ್ದರೆ, ವೈದ್ಯರು ಮಾತಿಗೆ ಸಿಕ್ಕ ಐದು ನಿಮಿಷದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದರ ಜೊತೆಗೆ ಇದನ್ನೂ ಕೇಳಿ: ಇವತ್ತು ನಿದ್ದೆಯ ಔಷಧ ಕಡಿಮೆ ಮಾಡಿ ಎಬ್ಬಿಸಿದಿರಾ, ತಾನೇ ಉಸಿರು ಎಳೆಯಲು ಬಿಟ್ಟು ನೋಡಿದಿರಾ, ವಪೆಯನ್ನು ಸ್ಕ್ಯಾನ್ ಮಾಡಲು ಸಾಧ್ಯವೇ? ಗೌರವದಿಂದಲೇ ಕೇಳಿ, ಆದರೆ ಪ್ರತಿದಿನ ಕೇಳಿ.